ಗೊಗ್ಗರ ದನಿಯ ಡಬ್ಬಿ

ಚಿಕ್ಕನರಗುಂದ
ಸೋಮವಾರ, ೧೭ ಫೆಬ್ರುವರಿ ೨೦೨೫

ಪ್ರೀತಿಯ ಮಾಲಾ ಅಕ್ಕಾ,

ಜೈಭೀಮ. ಹ್ಯಾಂಗ ಅದೀ? ಮಡಗಾಂವದ ಗಾಳಿಗೆ ನಿನ್ನ ಕೆಮ್ಮು ಕಡಿಮಿ ಆತೇನು? ಹೊಲಿಗಿ ಕಾರ್ಖಾನ್ಯಾಗ ದಿನಾ ಬಗ್ಗಿ ಕುಂದರತೀ, ಬೆನ್ನಿಗೆ ಎಣ್ಣಿ ಹಚ್ಕೋಳೋದು ಬಿಡಬ್ಯಾಡ. ದ್ಯಾಮೇಶ ಮಾಮಾ ಆರಾಮ ಅದಾರಲ್ಲ? ಇಲ್ಲೆ ನಾವೂ ಚಲೋ ಅದೀವಿ. ಕಡ್ಲಿ ರಾಶಿ ಮುಗೀತು. ಅಪ್ಪನ ಮೊಣಕಾಲು ಮಾತ್ರ ಹೇಳಿದ ಮಾತು ಕೇಳಂಗಿಲ್ಲ. ಫೋನ್ ಇದ್ದರೂ ಇವ ಯಾಕ ಪತ್ರ ಬರಿಯಾಕ ಕುಂತಾನ ಅಂತ ನಗಬ್ಯಾಡ. ಫೋನಿನ್ಯಾಗ ಹೇಳಾಕ ಹೋದ್ರ ನಡುವ ನೀ ನೂರು ಪ್ರಶ್ನಿ ಕೇಳ್ತೀ, ನನಗ ಮಾತು ತಪ್ಪತಾವ. ನೀ ಒಂದ್ಕಡೆ ಕುಂತು ನಿಧಾನ ಓದು.

ನಾನು ಗಿಟಾರಿಗೆ ಒಂದು ಪೆಡಲ್ ಮಾಡೀನಿ. ಪೆಡಲ್ ಅಂದ್ರ ಕಾಲಿಲೆ ಒತ್ತೋ ಸಣ್ಣ ಡಬ್ಬಿ. ಗಿಟಾರಿನ ದನಿ ಅದರಾಗ ಹಾದು ಸ್ಪೀಕರಿಗೆ ಹೋಗತೈತಿ. ಒತ್ತಿದ್ರ ದನಿ ದಪ್ಪಾಗಿ, ಅಂಚಿನ್ಯಾಗ ಒಡದು, ಗೊರಗೊರ ಅಂತ ಬರಬೇಕು. ಓವರ್‌ಡ್ರೈವ್ ಅಂತಾರ. ಏಪ್ರಿಲದಾಗ ಗಜೇಂದ್ರಗಡದ ಭೀಮ ಜಯಂತಿಗೆ ನಮ್ಮ ತಂಡಾನ ಹಾಡಾಕ ಕರದಾರ. ಹಲಗಿ ಬಡತದ ಎದುರಿಗೆ ನನ್ನ ಗಿಟಾರು ಗುಬ್ಬಿ ಕೂಗಿದಂಗ ಕೇಳಸ್ತಿತ್ತು. ಅದಕ್ಕ ನಾನು, ನರಗುಂದದಾಗ ಮೈಕ್ ಸೆಟ್ ಬಾಡಿಗಿ ಕೊಡೋ ನವಾಜ, ಇಬ್ಬರೂ ಕೂಡಿ ಅಪ್ಪನ ಹಳೀ ಬುತ್ತಿ ಡಬ್ಬಿಗೆ ತೂತು ಹೊಡದು ಇದನ್ನ ಕಟ್ಟಿದ್ವಿ.

ಕಟ್ಟಿ ಒತ್ತಿದ್ರ ಗಪ್ಪ! ಬಟನ್ ಬಿಟ್ರ ಗಿಟಾರು ಎಂದಿನಂಗ ನುಡೀತೈತಿ, ಒತ್ತಿದ್ರ ಉಸರಿಲ್ಲ. ಅಂದ್ರ ಒಳಗ ಹೊರಗ ಹೋಗೋ ವೈರು ಸರಿ ಅದಾವ, ತಪ್ಪು ನಡುವಿನ ಬೋರ್ಡಿನ್ಯಾಗ ಐತಿ. ನವಾಜ ಬ್ಯಾಟ್ರಿ ಮ್ಯಾಲೆ ಸಂಶಯ ಪಟ್ಟ, ಮೀಟರ್ ಹಿಡದ್ರ ಒಂಬತ್ತು ವೋಲ್ಟ್ ಬರಾಕತ್ತಿತ್ತು. ನಾನು ದನಿ ದೊಡ್ಡದು ಮಾಡೋ ಚಿಪ್ಪು, ಐಸಿ, ಸುಟ್ಟೈತಿ ಅಂತ ಬ್ಯಾರೇದು ಕುಂದರಿಸಿದೆ, ಅದೂ ಗಪ್ಪ. ಆಮ್ಯಾಲೆ ಸ್ಪೀಕರಿನ ವೈರಿಗೆ ಒಂದು ಸೂಜಿ ಕಟ್ಟಿದ್ವಿ. ಅವ ತಂತಿ ಮೀಟೋದು, ನಾನು ಬೋರ್ಡಿನ ಒಂದೊಂದು ಸೀಸದ ಬೆಸಿಗಿಗೆ ಸೂಜಿ ಮುಟ್ಟಿಸಿ ದನಿ ಎಲ್ಲೀತನಕ ಬರತೈತಿ ಅಂತ ಕೇಳೋದು. ಐಸಿ ಬಾಗಲದತನಕ ಬಂತು. ಒಳಗ ಹೋದದ್ದು ಹೊರಗ ಬರವಲ್ದು. ಅದರ ಕಾಲಿಗೆ ಬ್ಯಾಟ್ರಿಯ ಅರ್ಧ ವೋಲ್ಟ್ ಸಿಗಬೇಕು, ಮೀಟರ್ ಸೊನ್ನಿ ತೋರಸ್ತು. ಬೋರ್ಡ್ ಬಿಸಲಿಗೆ ಹಿಡದು ಹೊಳ್ಳಿಸಿ ನೋಡಿದಾಗ ಕಂಡತು: ಬೆಸಿಗಿ ಹನಿ ಕೂದಲೆಳಿಯಂಗ ಹರದು, ಕೂಡಬಾರದ ಎರಡು ತಾಮ್ರದ ಗೆರಿ ಕೂಡಿಸಿಬಿಟ್ಟಿತ್ತು. ಬ್ಲೇಡಿನ ತುದಿಲೆ ಕೆರದೆ. ದನಿ ಬಂತು, ಆದ್ರ ಸಂಗಾಟ ಜೇನು ಎದ್ದಂಗ ಗುಂಯ್ ಅಂತಿತ್ತು. ಡಬ್ಬಿಗೆ ಅರ್ಥ್ ಕೊಡೋದು ಮರತಿದ್ವಿ. ಒಂದು ವೈರು ಹಚ್ಚಿದ್ವಿ, ಅದೂ ನಿಂತಿತು.

ಈಗ ಅವ್ವನ ಮಾತು. ನಿನಗ ಗೊತ್ತಿರೋದು ಅರ್ಧ, ಅಕ್ಕಾ. ಹೋದ ವರ್ಷ ಗಂಟಲದ ಗಂಟು ತಗದ ಮ್ಯಾಲೆ ಅವ್ವನ ದನಿ ಪೂರಾ ಗೊಗ್ಗರಾತು. ಹಿಂಗ ಆಗಬಹುದು ಅಂತ ಡಾಕ್ಟರು ಮೊದಲ ಹೇಳಿದ್ರು. ಬಾಯಿಬಿಟ್ಟು ಮಾತಾಡ್ರಿ, ಸುಮ್ಮನ ಕುಂತ್ರ ಸುಧಾರಸಂಗಿಲ್ಲ ಅಂತನೂ ಅಂದ್ರು. ಆದ್ರ ತೊಟ್ಟಲ ಹಾಡಿಗೆ ಎಲ್ಲಾ ಓಣ್ಯಾಗೂ ಕರೀತಿದ್ದ ದನಿ ಅದು. ಆಕಿ ಬಾಯಿ ಕಟ್ಟಿಕೊಂಡ್ಲು. ಬೇಕಾದದ್ದು ಕೈಸನ್ನಿಲೆ ಕೇಳೋದು, ಭಾಳ ಆದ್ರ ಪಿಸುಮಾತು. ನೀ ಫೋನ್ ಮಾಡಿದಾಗ 'ಅವ್ವ ಹೊಲಕ್ಕ ಹೋಗ್ಯಾಳ' ಅಂತ ನಾನು ಹೇಳೋವಾಗ ಆಕಿ ನನ್ನ ಮಗ್ಗಲದಾಗ ಕುಂತು ನಿನ್ನ ಮಾತು ಕೇಳ್ತಿದ್ಲು. 'ಆಪರೇಶನ್ನಿಗೆ ನಾ ಬರಲಿಲ್ಲಂತ ಅವ್ವಗ ಸಿಟ್ಟು' ಅಂತ ನೀ ಅತ್ತಾಗೂ ಆಕಿ ಕೇಳ್ಯಾಳ. ಸಿಟ್ಟಲ್ಲ ಅಕ್ಕಾ. 'ಈ ದನಿ ಕೇಳಿದ್ರ ಮಾಲಿ ಎದಿ ಒಡಕೋತಾಳ, ಹೇಳಬ್ಯಾಡ' ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡಿದ್ಲು.

ಮೊನ್ನಿ ನಾವು ಕಟ್ಟಿ ಮ್ಯಾಲೆ ಡಬ್ಬಿ ರಿಪೇರಿ ಮಾಡೋವಾಗ ಆಕಿ ಅಲ್ಲೇ ಮೊರದಾಗ ಕಡ್ಲಿ ಹಸನ ಮಾಡಾಕತ್ತಿದ್ಲು. ನಾನು ಒತ್ತಿ ಬಾರಿಸಿದೆ. ಗೊರ್ರ್ ಅಂತು. ನವಾಜ 'ಇನ್ನಾ ಹರಕ ಐತಲ್ಲೋ, ಸ್ಪೀಕರ್ ಹೋತೇನು?' ಅಂದ. 'ಇಲ್ಲೋ, ಹಿಂಗ ಬರಬೇಕು, ಇದಕ್ಕಾಗೇ ಇಷ್ಟು ಗುದ್ದಾಡಿದ್ದು' ಅಂದೆ. ಆಗ ಹಿಂದಿನಿಂದ ಒಂದು ಮಾತು ಬಂತು. ಪಿಸುಮಾತಲ್ಲ, ಗಟ್ಟಿ ಮಾತು: 'ಒಡದ ದನಿ ಬೇಕಂತಲೇ ಮಾಡ್ತಾರೇನೋ ಪ್ರಬುದ್ಧ?' ನಾನು ಹೌದವ್ವ ಅಂದೆ. ಕಡ್ಲ್ಯಾಗಿನ ಒಂದು ಕಲ್ಲು ಆರಿಸಿ ಒಗದು 'ಮತ್ತೊಮ್ಮಿ ಬಾರಸು' ಅಂದ್ಲು.

ಬಾರಿಸಿದೆ. ಅವ್ವ ನಿನ್ನ ತೊಟ್ಟಲಕ್ಕ ಹಾಡ್ತಿದ್ದ ಹಾಡು ಎತ್ತಿಕೊಂಡ್ಲು. ಮ್ಯಾಲಿನ ಸ್ವರಕ್ಕ ಹೋದಾಗ ದನಿ ಹರೀತು, ಕೆಮ್ಮಿ ಬಿಟ್ಟಬಿಟ್ಟಳು. ನಾನು ತಂತಿ ಸಡ್ಲ ಮಾಡಿ ಕೆಳಗಿನ ಸ್ವರಕ್ಕ ಇಳಿಸಿದೆ. ಆಕಿನೂ ಅಲ್ಲಿಗೆ ಇಳದು ಹಾಡಿದ್ಲು. ಮೊದಲಿನ ದನಿ ಅಲ್ಲ ಅಕ್ಕಾ, ಸುಳ್ಳು ಹೇಳಂಗಿಲ್ಲ. ಆದ್ರ ಹಾಡು ಅದೇ. ಬಾಜೂಮನಿ ಮರಿಯವ್ವ ಗ್ವಾಡಿ ಮ್ಯಾಲಿಂದ ಇಣಕಿ 'ಯಾವ ಗಂಡಸವ್ವಾ ತೊಟ್ಟಲ ಹಾಡು ಹಾಡೋದು?' ಅಂದ್ಲು. ನಾನು ಅವ್ವನ ಮಾರಿ ನೋಡಿದೆ. ಆಕಿ ನಕ್ಕಳು, ಕಡ್ಲಿ ಚೆಲ್ಲೋಹಂಗ ನಕ್ಕಳು. ಆಗಲೇ ಹೊಲದಿಂದ ಬಂದ ಅಪ್ಪ ಸೈಕಲ್ ಹಿಡಕೊಂಡು ಅಂಗಳದಾಗ ನಿಂತಬಿಟ್ಟಿದ್ದ. ಚಾ ಆರಿಹೋದ್ರೂ ಒಳಗ ಬರಲಿಲ್ಲ.

ಈಗ ದಿನಾ ಅವ್ವನ ಬೈಗುಳ ಚಾಲೂ ಆಗ್ಯಾವ. ಭಾಳ ಸುಖ ಅನಸ್ತೈತಿ. ಮಾಮಾಗ ನನ್ನ ನಮಸ್ಕಾರ ಹೇಳು, ವ್ಯಾಳ್ಯಾಕ್ಕ ಉಣ್ಣು.

ನಿನ್ನ ತಮ್ಮ,
ಪ್ರಬುದ್ಧ

ತಾ.ಕ.: ಪೋಸ್ಟ್ ಹೋಗೋ ಹೊತ್ತಾತು, ಲಗೂ ಬರೀತೀನಿ. ನನ್ನ ಆಣಿ ಅವ್ವನೇ ಬಿಡಿಸ್ಯಾಳ. ತನಗಂತ ಒಂದು ಸಣ್ಣ ಫೋನೂ ತರಿಸಿಕೊಂಡಾಳ. ಬರೋ ರವಿವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದು, ಗಂಡಸಿನಂಥ ದನಿ 'ಮಾಲಿ' ಅಂದ್ರ ರಾಂಗ್ ನಂಬರ್ ಅಂತ ಇಡಬ್ಯಾಡ. ಅದು ಅವ್ವ. ಅಳಬ್ಯಾಡ, ಅತ್ತರ ಮತ್ತ ಬಾಯಿ ಕಟ್ಟಿಕೋತಾಳ. ಊಟ ಆತೇನವ್ವ ಅಂತ ಕೇಳು, ಸಾಕು.