ಲೋಸಾ ಕೇಳಿದ ಭಾನುವಾರ

ಅಮ್ಮಾವ್ರೇ,

ಮಗು ನೋಡಿಕೊಳ್ಳುವವಳ ಕೆಲಸಕ್ಕೂ ಒಂದು ಎಲ್ಲೆ ಇರುತ್ತದೆಂದು ನನಗೆ ಮೊದಲು ಹೇಳಿದವಳು ಲೋಸಾ, ಮೊನ್ನೆ ಸೋಮವಾರ. ನೀವು ತೀರಿಕೊಂಡ ಮೇಲೆ ನಿಮ್ಮ ಮಗಳು ಪ್ರನೀತಾ ತನ್ನ ಕೂಸಿಗೆಂದು ಗೊತ್ತು ಮಾಡಿದ ಹುಡುಗಿ. ಸುವಾ ಪಟ್ಟಣದ ಇದೇ ಮನೆಯಲ್ಲಿ ಪ್ರನೀತಾಳನ್ನು ಎತ್ತಿ ಆಡಿಸಿದವಳು ನಾನಲ್ಲವೇ? ಕೆಲಸದ ಮಾತುಕತೆಗೆಂದು ನನ್ನನ್ನೂ ಊರಿಂದ ಕರೆಸಿದ್ದಳು.

"ಕೂಸಿನ ಊಟ, ಸ್ನಾನ, ಬಟ್ಟೆ ನಂದು. ನಿಮ್ಮ ಪಾತ್ರೆ, ಸಾಹೇಬ್ರ ಇಸ್ತ್ರಿ ನಂದಲ್ಲ. ಭಾನುವಾರ ನಮ್ಮೂರ ಚರ್ಚಿಗೆ ಹೋಗ್ತೀನಿ," ಎಂದಳು ಲೋಸಾ. ಪ್ರನೀತಾ "ಆಗ್ಲಿ" ಅಂದೇಬಿಟ್ಟಳು!

ನನಗೆ ಹೊಟ್ಟೆ ಉರಿದುಹೋಯಿತು. "ನಾಲ್ಕು ತಟ್ಟೆ ತೊಳೆದ್ರೆ ಕೈ ಸವೆದುಹೋಗುತ್ತೇನೇ ಮಹಾರಾಣಿ?" ಎಂದೆ.

"ಹೋಗುತ್ತೆ ಅಜ್ಜಿ. ನಿಮ್ಮ ಕೈ ನೋಡ್ಕೊಳ್ಳಿ."

ನನ್ನ ಮಗಳು ಊರಲ್ಲಿ ನನ್ನ ತಾಯಿಯ ಹತ್ತಿರ ಬೆಳೆದಳು, ನಿಮಗೆ ಗೊತ್ತಲ್ಲ. ಅವಳನ್ನು ನೋಡಿ ಬರಲು ಭಾನುವಾರ ರಜೆ ಕೇಳಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಕೇಳಿದ್ದರೆ ನೀವು ಕೊಡುತ್ತಿದ್ದಿರೇನೋ.

ಮಾರನೆಯ ಬೆಳಿಗ್ಗೆ ಪ್ರನೀತಾ ತಾನೇ ಪಾತ್ರೆ ತೊಳೆಯಲು ನಿಂತಳು. ನಾನು ಒರೆಸುವ ಬಟ್ಟೆ ಎತ್ತಿಕೊಂಡೆ. ಲೋಸಾ ಅದನ್ನು ನನ್ನ ಕೈಯಿಂದ ಕಸಿದುಕೊಂಡು, "ಇದು ನಿಮ್ಮದೂ ಅಲ್ಲ ಅಜ್ಜಿ, ಕೂತ್ಕೊಳ್ಳಿ," ಎಂದಳು.

ಕೂತೆ, ಅಮ್ಮಾವ್ರೇ. ನಿಮ್ಮ ಕುರ್ಚಿಯಲ್ಲಿ.

ಸೆರೆಯಾನಾ