ಈಟಿಗೆ ಕಟ್ಟಿದ ಆಣೆ

ಮಾರ್ಚ್ ಒಂಬತ್ತು, 1230, ನಲವತ್ತು ಹುತಾತ್ಮರ ಹಬ್ಬ. ಕ್ಲೊಕೊಟ್ನಿತ್ಸಾದ ಯುದ್ಧಭೂಮಿ.

ಸೋತೆವು. ಸೋಲಿನ ಮಾತು ಹಾಗಿರಲಿ. ನಮ್ಮ ದೊರೆ ಮುರಿದ ಶಾಂತಿ ಒಪ್ಪಂದವನ್ನು ಬಲ್ಗೇರಿಯದವರು ಬಾವುಟದಂತೆ ಈಟಿಗೆ ಕಟ್ಟಿಕೊಂಡು ಬಂದಿದ್ದರಲ್ಲ, ಅದು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆ ಒಪ್ಪಂದಕ್ಕೆ ದೊರೆ ಆಣೆ ಇಟ್ಟಾಗ ಸುವಾರ್ತೆಯ ಪುಸ್ತಕ ಹಿಡಿದಿದ್ದ ಪಾದ್ರಿ ನಾನೇ. ಆಣೆ ಮುರಿದು ದಂಡು ಹೊರಟಾಗ ಕತ್ತಿಗಳಿಗೆ ತೀರ್ಥ ಚಿಮುಕಿಸಿದವನೂ ನಾನೇ.

ಸಂಜೆ, ಸೆರೆಸಿಕ್ಕ ನಮ್ಮಲ್ಲಿ ಸಾಮಾನ್ಯರನ್ನೆಲ್ಲ ಊರಿಗೆ ಹೋಗಿ ಎಂದು ಬಿಟ್ಟುಬಿಟ್ಟರು. ಕಾವಲಿನ ಬಲ್ಗೇರಿಯದವನು, ದ್ರಾಗೊಟಾ ಅಂತ, ನನ್ನ ಕೈಗೆ ರೊಟ್ಟಿ, ಈರುಳ್ಳಿ ಇಟ್ಟ.

"ತಗೊಳ್ಳಿ ಗುರುಗಳೇ, ಉಪವಾಸದ ದಿನಕ್ಕೆ ಆಗೋದೇ, ಬೆಣ್ಣೆ ಗಿಣ್ಣೆ ಏನೂ ಸೋಕಿಸಿಲ್ಲ. ನಾವೂ ಅದೇ ದೇವ್ರ ಒಕ್ಕಲು ತಾನೇ? ಅಲ್ಲಾ, ಆ ಆಣೆಗೆ ಪುಸ್ತಕ ಹಿಡಿದೋನು ಒಬ್ಬ ಪಾದ್ರಿಯಂತಲ್ಲ, ಅವನ ಬಾಯಿಗೆ ಮಣ್ಣು ಬೀಳ! ಯಾರೂಂತ ಗೊತ್ತಾ ನಿಮಗೆ?"

"ಗೊತ್ತಿಲ್ಲಪ್ಪ," ಎಂದೆ.

ಅವನು ಟೋಪಿ ತೆಗೆದು, ಬಗ್ಗಿ, ಆಶೀರ್ವಾದ ಬೇಡಿ ನನ್ನ ಬಲಗೈಗೆ ಮುತ್ತಿಟ್ಟ. ಪುಸ್ತಕ ಹಿಡಿದಿದ್ದ ಕೈ. ಹಿಂದಕ್ಕೆ ಎಳೆದುಕೊಳ್ಳಲಿಲ್ಲ ನಾನು.

ರೊಟ್ಟಿಯನ್ನಾದರೂ ಬಿಡಬೇಕಿತ್ತು. ಒಂದು ಚೂರೂ ಉಳಿಸದೆ ತಿಂದೆ. ರುಚಿಯಾಗಿತ್ತು. ಇದನ್ನು ಬರೆಯುತ್ತಿರುವುದೂ ಅದೇ ಕೈ.