ನಡುವೆ ಬಾಯಿ ಹಾಕದವರು

ಭಾನುವಾರ, ಮಾರ್ಚ್ ೧೨

ಪ್ರೀತಿಯ ತಮ್ಮನಿಗೆ,

ಅಕ್ಕ ಬದುಕಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ನಿನ್ನ ಕಾಗದ ಬಂದು ತಿಂಗಳುಗಳಾದವು. ಉತ್ತರ ಬರೆಯದೆ ಕೂತವಳಿಗೆ ಎಷ್ಟು ಬೈದರೂ ಸಲ್ಲುತ್ತದೆ. ಮೊದಲು ಮೊಣಕಾಲು ನೋವು ಅಂದುಕೊಂಡೆ, ಆಮೇಲೆ ಮನೆಗೆ ಬಣ್ಣ ಹೊಡೆಸುವ ಗಲಾಟೆ ಅಂದುಕೊಂಡೆ. ಮೊಣಕಾಲಿನಿಂದ ಯಾರೂ ಕಾಗದ ಬರೆಯಲ್ಲ ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ. ನಿನ್ನ ಹೆಂಡತಿ ಹೆಣೆದು ಕಳಿಸಿದ ಸ್ವೆಟರ್ ಬೆಚ್ಚಗಿದೆ. ತೋಳು ಒಂದು ಬೆರಳು ಉದ್ದವಾಯಿತು, ಆದರೆ ಅದನ್ನು ಅವಳಿಗೆ ಹೇಳಬೇಡ, ನಾನು ಮಡಚಿಕೊಳ್ಳುತ್ತೇನೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯಾರೋ ಪತ್ರಿಕೆ ಹಿಡಿದುಕೊಂಡು ನಿನ್ನ ಅಂಗಡಿಗೆ ಬರುವ ಮೊದಲು ನನ್ನಿಂದಲೇ ನಿನಗೆ ಗೊತ್ತಾಗಲಿ. ಹೋದ ವಾರ, ತುಂಬಿದ ಸಭೆಯಲ್ಲಿ, ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ವಿಷಯ ಹೇಳಿಬಿಟ್ಟೆ.

ಇಲ್ಲಿಯ ಚಿತ್ರಸಂಗ್ರಹಾಲಯದಲ್ಲಿ ಒಂದು ಚರ್ಚೆ ಇತ್ತು. ಸಿನಿಮಾದ ಇತಿಹಾಸದಲ್ಲಿ ನಿಜವಾಗಿ ಪ್ರಭಾವ ಬೀರಿದ ನಿರ್ದೇಶಕ ಎಂದು ಯಾರನ್ನು ಕರೆಯಬೇಕು, ಯಾಕೆ ಕರೆಯಬೇಕು ಎಂಬುದು ವಿಷಯ. ಹಳೆಯ ಫಿಲ್ಮು ಕೊಳೆಯುವಾಗ ಬರುವ ಹುಳಿ ವಾಸನೆಯ ಆ ಸಣ್ಣ ಸಭಾಂಗಣದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ, ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಿದ ಹಾಗೆ ಕೂರಿಸಿದ್ದರು. ವೇದಿಕೆಯ ಮೇಲೆ ಮೂವರು. ಬಿಳಿಗಡ್ಡದ ವಿಮರ್ಶಕರೊಬ್ಬರು, ನನ್ನ ಸಿನಿಮಾಗಳ ಬಗ್ಗೆ ಪುಸ್ತಕ ಬರೆದ ಪ್ರಾಧ್ಯಾಪಕಿ, ಮತ್ತೆ ಹೊಡೆದಾಟದ ಸಿನಿಮಾ ತೆಗೆದು ಹೆಸರು ಮಾಡಿರುವ ಒಬ್ಬ ನಿರ್ದೇಶಕ.

ವಿಮರ್ಶಕರು ಶುರು ಮಾಡಿದರು: "ಒಬ್ಬ ಬಂದು ಹೋದ ಮೇಲೆ ಉಳಿದವರಿಗೆ ಮುಂಚಿನ ಥರ ಸಿನಿಮಾ ತೆಗೆಯೋಕೆ ನಾಚಿಕೆ ಆಗ್ಬೇಕು. ಅದು ಪ್ರಭಾವ."

ಹೊಡೆದಾಟದವನು ಸುಮ್ಮನಿರಲಿಲ್ಲ. "ಸರಿ ಸಾರ್, ಆದ್ರೆ ಜನಾನೇ ನೋಡದ ಸಿನಿಮಾ ಯಾರ ಮೇಲೆ ಪ್ರಭಾವ ಬೀರತ್ತೆ? ಖಾಲಿ ಕುರ್ಚಿಗಳ ಮೇಲಾ?"

ಸಭೆ ನಕ್ಕಿತು, ನಾನೂ ನಕ್ಕೆ. ಖಾಲಿ ಕುರ್ಚಿಗಳ ಪರಿಚಯ ನನಗಿಂತ ಯಾರಿಗಿದೆ?

ಪ್ರಾಧ್ಯಾಪಕಿ ಕನ್ನಡಕ ತೆಗೆದು ಒರೆಸುತ್ತ, "ಯಾರನ್ನ ಜನ ಕೆಟ್ಟದಾಗಿ ನಕಲು ಮಾಡ್ತಾರೋ ಅವರೇ ಪ್ರಭಾವಿಗಳು. ಒಳ್ಳೇ ನಕಲು ಯಾರ ಕಣ್ಣಿಗೂ ಬೀಳಲ್ಲ" ಎಂದರು. ಅಲ್ಲಿಂದ ಮಾತು ನನ್ನ ಮೇಲೆ ತಿರುಗಿತು. ನನ್ನ ಪಾತ್ರಗಳು ಉತ್ತರ ಕೊಡುವ ಮೊದಲು ತುಂಬ ಹೊತ್ತು ಸುಮ್ಮನಿರುತ್ತವೆ, ಎದುರಿಗಿರುವವರು ಕಾಯುತ್ತಾರೆ, ಕ್ಯಾಮೆರಾ ಕೂಡ ಕಾಯುತ್ತದೆ. ಆಮೇಲೆ ಬಂದವರೆಲ್ಲ ಇದನ್ನೇ ಮಾಡತೊಡಗಿದರು ಎಂದು ಅವರು ಅದನ್ನು ಮೆಚ್ಚಿ ಹೇಳಿದರು. ಆದರೆ ಇದರ ಮೂಲ ನನ್ನದಲ್ಲ, ದೂರದೇಶದ ಹಳೆಯ ಸಿನಿಮಾ ಗುರುಗಳೊಬ್ಬರದ್ದು ಎಂದು ಅವರ ಮತ್ತು ನನ್ನ ಸಿನಿಮಾಗಳ ತುಣುಕುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ನೋಡಿದರೆ ಯಾರಾದರೂ ನಂಬಬೇಕು, ಹಾಗಿತ್ತು. ಆ ಸಿನಿಮಾಗಳನ್ನು ನಾನು ಮೊದಲು ನೋಡಿದ್ದೇ ಅವತ್ತು.

"ನೀವೇ ಹೇಳಿ. ಇದನ್ನ ಯಾರಿಂದ ಕಲಿತ್ರಿ?" ಎಂದು ನನ್ನ ಕೈಗೆ ಮೈಕು ಕೊಟ್ಟರು.

ಇಷ್ಟು ವರ್ಷ ಈ ಪ್ರಶ್ನೆಗೆ ನಗುತ್ತ ಏನೋ ಹೇಳಿ ಜಾರಿಕೊಳ್ಳುತ್ತಿದ್ದೆ. ನಿನ್ನ ಉಗ್ಗನ್ನು ಊರಿಗೆಲ್ಲ ಸಾರುವುದು ನನ್ನ ಹಕ್ಕಲ್ಲ ಎಂದುಕೊಂಡಿದ್ದೆ. ಅವತ್ತು ಮಾತ್ರ, ಆ ದೂರದ ಗುರುಗಳಿಗೆ ನಿನ್ನ ಪಾಲಿನ ಹಾರ ಬೀಳುವುದನ್ನು ನೋಡಿ ತಡೆಯಲಾಗಲಿಲ್ಲ. "ನನ್ನ ತಮ್ಮನಿಂದ" ಎಂದೆ.

ಯಾವ ಸಿನಿಮಾ ತೆಗೆದಿದ್ದಾರೆ ಎಂದು ವಿಮರ್ಶಕರು ಕೇಳಿದರು. ಸಿನಿಮಾ ತೆಗೆಯುವುದಿರಲಿ, ನೋಡುವಾಗಲೂ ಅರ್ಧಕ್ಕೆ ಗೊರಕೆ ಹೊಡೆಯುತ್ತಾನೆ, ಜನರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು ಎಂದೆ. ನಿನ್ನ ಹೆಸರು ಹೇಳಲಿಲ್ಲ. ಆಮೇಲೆ ನಮ್ಮ ಮನೆಯ ಊಟದ ಮೇಜಿನ ಕಥೆ ಹೇಳಿದೆ.

ಅಪ್ಪನ ಕಸುಬು ಹರಾಜು ಕೂಗುವುದು. ಮಾತು ಅವರಿಗೆ ಮಳಿಗೆಯಲ್ಲೂ ನಿಲ್ಲುತ್ತಿರಲಿಲ್ಲ, ಮನೆಯಲ್ಲೂ ನಿಲ್ಲುತ್ತಿರಲಿಲ್ಲ. ನೀನು "ಪೆ" ಎಂದು ಸಿಕ್ಕಿಕೊಂಡರೆ ಸಾಕು, "ಪೆನ್ಸಿಲ್ಲಾ? ಪೆಟ್ಟಿಗೇನಾ? ಪೆಪ್ಪರ್ಮೆಂಟಾ?" ಎಂದು ಸವಾಲು ಏರಿಸುತ್ತಿದ್ದರು. ನಿನಗೆ ಬೇಕಾಗಿದ್ದದ್ದು ಪೆನ್ಸಿಲ್ಲೇ ಆದರೂ ಪೆಪ್ಪರ್ಮೆಂಟಿಗೆ ತಲೆಯಾಡಿಸುತ್ತಿದ್ದೆ, ಕಳ್ಳ. ಪಾಪ, ಅವರದು ಸಹಾಯವೇ. ಬಾಗಿಲು ಬಿಗಿಯಾಗಿದ್ದರೆ ಭುಜ ಕೊಟ್ಟು ತಳ್ಳುವ ಜಾತಿ ಅವರದು.

ಅಮ್ಮ ಒಂದು ದಿನ ಸೌಟು ಕೆಳಗಿಟ್ಟು ಹೇಳಿದಳು: "ಅವನು ಮುಗಿಸೋವರೆಗೂ ಯಾರೂ ತುತ್ತು ಎತ್ತಬೇಡಿ. ಊಟ ಆರಿದ್ರೆ ಬಿಸಿ ಮಾಡ್ಬಹುದು. ಮಾತು ಆರಿದ್ರೆ ಮತ್ತೆ ಬಿಸಿ ಆಗಲ್ಲ."

ಅಂದಿನಿಂದ ನಾವು ಕಾದೆವು. ಕಾಯುವಾಗ ನಾನು ಏನು ಮಾಡಲಿ? ಮುಖಗಳನ್ನು ನೋಡುತ್ತಿದ್ದೆ. ಅಪ್ಪನ ಕೆನ್ನೆಯೊಳಗೆ ನಾಲಿಗೆ ತಿರುಗುವುದು, ಅಮ್ಮನ ಬೆರಳು ಮೇಜಿನ ಮೇಲೆ ನಿಂತುಬಿಡುವುದು, ನಿನ್ನ ಮಾತು ಹೊರಗೆ ಬಿದ್ದ ಕೂಡಲೇ ಮೂವರ ಹೆಗಲೂ ಒಟ್ಟಿಗೆ ಇಳಿಯುವುದು. ಯಾವ ಶಾಲೆಯಲ್ಲಿ ಇದನ್ನೆಲ್ಲ ಹೇಳಿಕೊಡುತ್ತಾರೆ? ನನ್ನ ಮೊದಲ ಸಿನಿಮಾದ ಸಂಕಲನಕಾರ ಆ ಮೌನಗಳನ್ನು ಕತ್ತರಿಸಲು ಹೊರಟಾಗ, "ಕೈ ತೆಗಿ, ಅವನಿನ್ನೂ ಮಾತಾಡ್ತಿದಾನೆ" ಎಂದಿದ್ದೆ. ಮುದುಕನ ಪಾತ್ರದ ನಟ ಬಾಯಿಯನ್ನೇ ತೆರೆದಿರಲಿಲ್ಲ. ಇವಳಿಗೆ ತಲೆ ಕೆಟ್ಟಿದೆ ಎಂದು ಅವನು ಚಹಾ ಕುಡಿಯಲು ಎದ್ದುಹೋದ.

ನೀನು ಆ ಸಿನಿಮಾ ನೋಡಿ ಬಂದವನು ಚಿತ್ರಮಂದಿರದ ಮೆಟ್ಟಿಲ ಮೇಲೆ ಹೇಳಿದ್ದು ನೆನಪಿದೆಯೇ? "ಅಕ್ಕ, ಆ ಮು-ಮುದುಕನ ಮಾತಿಗೆ ಯಾರೂ ನಡುವೆ ಬಾಯಿ ಹಾಕ್ಲಿಲ್ಲ." ಆಮೇಲೆ ದೊಡ್ಡ ದೊಡ್ಡ ಜನ ದೊಡ್ಡ ದೊಡ್ಡ ವಿಮರ್ಶೆ ಬರೆದರು. ಇದರ ಹತ್ತಿರ ಒಂದೂ ಸುಳಿಯಲಿಲ್ಲ.

ನಾನು ಮುಗಿಸಿದಾಗ ಪ್ರಾಧ್ಯಾಪಕಿ ತಮ್ಮ ಪುಸ್ತಕದ ಅಂಚಿನಲ್ಲಿ ಏನೋ ಗೀಚಿಕೊಂಡರು. "ಮರುಮುದ್ರಣ ಕಷ್ಟ ಆಗತ್ತೆ" ಎಂದು ನಕ್ಕರು. ಒಳ್ಳೆಯ ಹೆಂಗಸು. ವಿಮರ್ಶಕರು ಮಾತ್ರ ಒಪ್ಪಲಿಲ್ಲ. "ಹಲ್ಲು ಕಟ್ಟೋರನ್ನ ಸಿನಿಮಾ ಇತಿಹಾಸದಲ್ಲಿ ಎಲ್ಲಿ ಸೇರಿಸ್ಲಿ? ಹಾಗೆ ಶುರು ಮಾಡಿದ್ರೆ ಎಲ್ಲರ ಅಮ್ಮಂದಿರೂ ಬರ್ತಾರೆ" ಎಂದರು. ಬರಲಿ ಬಿಡಿ, ಜಾಗ ಮಾಡಿಕೊಡೋಣ ಎಂದೆ. ಅವರ ಮಾತಿನಲ್ಲೂ ನ್ಯಾಯವಿದೆ. ಇತಿಹಾಸ ಬರೆಯುವವರಿಗೆ ತೋರಿಸಲು ಏನಾದರೂ ಬೇಕು, ನಮ್ಮ ಊಟದ ಮೇಜನ್ನು ಯಾರೂ ಚಿತ್ರೀಕರಿಸಿರಲಿಲ್ಲ.

ಹೊಡೆದಾಟದವನು ಹೊರಗೆ ಹಜಾರದಲ್ಲಿ ನನ್ನನ್ನು ಹಿಡಿದುಕೊಂಡ. "ಅಮ್ಮಾ, ಒಂದು ಹೊಡೆತಕ್ಕೆ ಮುಂಚೆ ನನ್ನ ಹೀರೋ ಸುಮ್ನೆ ನಿಂತು ನೋಡ್ತಾನಲ್ಲ, ಜನ ಉಸಿರು ಬಿಗಿಹಿಡೀತಾರಲ್ಲ, ಅದು ನಿಮ್ಮಿಂದ ಕದ್ದಿದ್ದು. ಈಗ ನೋಡಿದ್ರೆ ನಿಮ್ಮ ತಮ್ಮನಿಂದ ಕದ್ದ ಹಾಗಾಯ್ತು. ಅವರಿಗೆ ನನ್ನ ನಮಸ್ಕಾರ ಹೇಳಿ." ಹೇಳಿದ್ದೇನೆ. ಕುರ್ಚಿಗಳು ತುಂಬುವ ಸಿನಿಮಾಗಳಿಗೂ ನೀನೇ ಗುರು, ತಿಳಿದಿರಲಿ.

ಕೋಪ ಬಂದಿದ್ದರೆ ಬೈದು ಬರಿ. ನನಗೆ ಮಾತ್ರ ಅವತ್ತಿನಿಂದ ಎದೆ ಹಗುರವಾಗಿದೆ. ಜೀವಮಾನವಿಡೀ ನಿನ್ನಿಂದ ತೆಗೆದುಕೊಂಡು ತಿಂದವಳು ಒಂದು ಸಲವಾದರೂ ಯಾರ ಮನೆಯ ಊಟ ಎಂದು ಬಾಯಿಬಿಟ್ಟು ಹೇಳಿದೆನಲ್ಲ. ನೀನು ನನ್ನ ಬೆನ್ನಿಗೆ ಹುಟ್ಟಿದ್ದು ನನ್ನ ಪುಣ್ಯ. ನಿನ್ನ ಕೈಯ ಕಸುಬು, ಮನೆಯ ನಗು, ಮಕ್ಕಳ ಆಯಸ್ಸು ಎಲ್ಲ ಬೆಳೆಯಲಿ. ಬೇಸಿಗೆಯಲ್ಲಿ ಇಬ್ಬರೂ ಬನ್ನಿ, ಬಣ್ಣದ ವಾಸನೆ ಅಷ್ಟರಲ್ಲಿ ಹೋಗಿರುತ್ತದೆ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗಿಳಿಸಿದ್ದು. ಅಪ್ಪ ನಿನ್ನ ಮಾತು ಕೇಳದೇ ಹೋದರು ಎಂದು ನೀನು ಈಗಲೂ ಅನ್ನುತ್ತೀಯಂತೆ, ನಿನ್ನ ಹೆಂಡತಿ ಹೇಳಿದಳು. ಅಪ್ಪ ಹೋದ ಆ ಮಧ್ಯಾಹ್ನದ ಮಾತು ತೆಗೆದಾಗಲೆಲ್ಲ ನೀನು ಎದ್ದು ಹೋಗುತ್ತೀಯ, ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ. ಕಾಗದ ಬಿಟ್ಟು ಏಳಬೇಡ. ಆಸ್ಪತ್ರೆಯ ಮಂಚದ ಪಕ್ಕ ನೀನು "ನಾ" ಎಂದು ಶುರು ಮಾಡಿದೆ, ಮಾತು ಸಿಕ್ಕಿಕೊಂಡಿತು. ಸಿಕ್ಕಿಕೊಂಡಾಗ ನೀನು ಕಣ್ಣು ಮುಚ್ಚುತ್ತೀಯ. ಕಣ್ಣು ತೆರೆಯುವಷ್ಟರಲ್ಲಿ ಅವರಿರಲಿಲ್ಲ. ನಾನು ಮಂಚದ ಆಚೆ ಬದಿ ನಿಂತಿದ್ದೆ, ನನ್ನ ಕಣ್ಣು ತೆರೆದಿತ್ತು. ಅಪ್ಪ ಮುಖ ತಿರುಗಿಸಲಿಲ್ಲ. ಪದ ಊಹಿಸಲಿಲ್ಲ. ದಾದಿ ಏನೋ ಕೇಳಲು ಬಂದಾಗ ಸುಮ್ಮನಿರು ಎಂದು ಬೆರಳೆತ್ತಿ, ನಿನ್ನ ತುಟಿಯನ್ನೇ ನೋಡುತ್ತ ಕಾಯುತ್ತಿದ್ದರು, ತಮ್ಮಾ. ಅವರು ಕಾಯುತ್ತಲೇ ಹೋದರು.